ಬಿ.ಪಿ. ಇಳಿಯಿತು, ಇನ್ನು ಗುಳಿಗೆ ಯಾಕೆ?

ಸೋದರಿಯರೇ, ನಿಮ್ಮ ಮನೆಯ ಹಿರಿಯರು ನುಂಗುವ ಗುಳಿಗೆಯ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿರಿ. ಔಷಧದ ಹೆಸರಿನ ಕೊನೆಗೆ ‘ಪ್ರಿಲ್’ ಎಂದಿದೆಯೇ? ಎನಾಲಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಇವೆಲ್ಲ ಒಂದೇ ಬಳಗದವು. ಇವುಗಳ ಮೂಲ ಬ್ರೆಜಿಲ್ ದೇಶದ ಒಂದು ಹಾವಿನ ವಿಷದಲ್ಲಿದೆ ಎಂದರೆ ನಂಬುತ್ತೀರಾ? ಆ ವಿಷದ ಅಭ್ಯಾಸದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಉಳಿದವು ಅದರ ತಮ್ಮ-ತಂಗಿಯರು.

ನಮ್ಮ ದೇಹದಲ್ಲಿ ರಕ್ತನಾಳಗಳನ್ನು ಬಿಗಿಯುವ ಒಂದು ವಸ್ತು ತಯಾರಾಗುತ್ತದೆ. ಈ ಗುಳಿಗೆ ಅದನ್ನು ತಡೆಯುತ್ತದೆ. ನಾಳ ಸಡಿಲಾದರೆ ಒತ್ತಡ ಇಳಿಯುತ್ತದೆ, ಸೋತ ಹೃದಯಕ್ಕೆ ದುಡಿಮೆಯೂ ಹಗುರಾಗುತ್ತದೆ. ಆದ್ದರಿಂದಲೇ ಹೃದಯ ದುರ್ಬಲವಾದವರಿಗೆ ಬಿ.ಪಿ. ಸರಿಯಿದ್ದರೂ ಇದನ್ನು ಕೊಡುವುದುಂಟು.

ಭೀಮಾ ದಂಡೆಯ ದೇವಣಗಾಂವದಲ್ಲಿರುವ ನಮ್ಮ ಅತ್ತೆಯವರದು ಇಂಥದೇ ಹೃದಯ. “ಬಿ.ಪಿ. ಬರಾಬರಿ ಅದ ಅಂದ್ರಲ್ಲವಾ ಡಾಕ್ಟರು, ಇನ್ನ್ಯಾಕ ಗುಳಿಗಿ?” ಎಂದು ಬಿಟ್ಟೇಬಿಟ್ಟರು. ಕೆಲವು ದಿನಗಳಲ್ಲಿ ಕಾಲು ಬಾತವು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುವಂತಾಯಿತು. ದವಾಖಾನೆಗೆ ಒಯ್ದು, ಗುಳಿಗೆ ಮತ್ತೆ ಸುರುವಾದ ಮೇಲೆ ಚೇತರಿಸಿಕೊಂಡರು. ನಾನು ಹೇಳಿದ್ದಿಷ್ಟೇ: “ಅತ್ತೀ, ಬರಾಬರಿ ಇರೋದು ಗುಳಿಗಿಯಿಂದನ ರೀ. ಹೊಳಿ ಇಳದದ ಅಂತ ಯಾರರ ಒಡ್ಡು ಒಡೀತಾರೇನ್ರೀ?” ಆ ಮಾತು ಅವರಿಗೆ ಹಿಡಿಸಿತು.

ಇನ್ನು ಕೆಲವು ಎಚ್ಚರಿಕೆಗಳು. ಕೆಲವರಿಗೆ ಈ ಗುಳಿಗೆಯಿಂದ ಬಿಡದ ಒಣಕೆಮ್ಮು ಬರುತ್ತದೆ. ಕಷಾಯ ಕುದಿಸುತ್ತ ಕೂಡಬೇಡಿರಿ, ಡಾಕ್ಟರಿಗೆ ಹೇಳಿರಿ, ಬದಲಿ ಔಷಧವಿದೆ. ತುಟಿ, ನಾಲಿಗೆ, ಮುಖ ಬಾತರೆ ಆ ಕ್ಷಣವೇ ದವಾಖಾನೆಗೆ ಓಡಿರಿ. ಬಸುರಿಯರಿಗೆ ಇದು ಸಲ್ಲದು, ಕೂಸಿಗೆ ಅಪಾಯ. ಬಸಿರಾಗುವ ವಿಚಾರವಿದ್ದರೆ ಮೊದಲೇ ತಿಳಿಸಿರಿ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಇಬುಪ್ರೊಫೆನ್ ತಂದು ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ‘ಸೋಡಿಯಂ ಕಡಿಮೆ’ ಎನ್ನುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೇಳದೆ ಬಳಸಬೇಡಿರಿ. ಆಗಾಗ ರಕ್ತಪರೀಕ್ಷೆಯೂ ಬೇಕು.

ಅಡಿಗೆಮನೆ ಮಾತ್ರ ನಮ್ಮ ಕೈಯಲ್ಲಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಲೆಕ್ಕವೂ ಅದರಲ್ಲೇ. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇರಲಿ, ಉಪ್ಪು ಮಾತ್ರ ಅರ್ಧಕ್ಕೆ ಇಳಿಯಲಿ. ಗುಳಿಗೆ ಬಿಡುವುದಾದರೆ ಅದನ್ನು ಡಾಕ್ಟರೇ ಹೇಳಲಿ.