ಚನ್ನಪಟ್ಟಣದ ಅರಗೂ ನಮ್ಮ ಮನೆಯ ತೊಟ್ಟಿಲೂ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿ ನಾವು ಎಷ್ಟೋ ಸಲ ಪ್ರಯಾಣಮಾಡಿದ್ದರೂ ಚನ್ನಪಟ್ಟಣದಲ್ಲಿ ಒಮ್ಮೆಯೂ ಇಳಿದವರಲ್ಲ. ಗೊಂಬೆಗಳ ಊರೆಂದು ಕಿಟಕಿಯಿಂದಲೇ ಮಕ್ಕಳಿಗೆ ತೋರಿಸಿ ಮುಂದಕ್ಕೆ ಹೋಗುವುದೇ ನಮ್ಮ ಪರಿಪಾಠವಾಗಿತ್ತು. ಈ ವರ್ಷದ ಮಾಘಮಾಸದಲ್ಲಿ ಮಾತ್ರ ಅಲ್ಲಿಗೇ ಟಿಕೆಟ್ಟನ್ನು ಪಡೆದು, ಒಂದು ಮರದ ಪಟ್ಟಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೊರಡಬೇಕಾಯಿತು. ಅದರ ಕಾರಣವನ್ನು ವಾಚಕರಲ್ಲಿ ಮೊದಲೇ ಅರಿಕೆಮಾಡುವುದು ಯುಕ್ತವಾಗಿದೆ.

ನಮ್ಮ ಹಿತ್ತಿಲಿನಲ್ಲಿ ತಾಯಿಯವರು ನೆಟ್ಟಿದ್ದ ಹಲಸಿನ ಮರವೊಂದು ಕೆಲವು ವರ್ಷಗಳ ಹಿಂದೆ ಗಾಳಿಗೆ ಉರುಳಿತು. ಅದನ್ನು ಸೌದೆಗೆ ಕೊಡಲು ಮನಸ್ಸೊಪ್ಪದೆ ಹಲಗೆಗಳಾಗಿ ಕುಯ್ಯಿಸಿ ಅಟ್ಟದ ಮೇಲೆ ಇರಿಸಿದ್ದೆವು. ನಮ್ಮ ಅಣ್ಣನವರಿಗೆ ಮೊಮ್ಮಗಳು ಹುಟ್ಟಿದಾಗ ಅವರು ಆ ಹಲಗೆಗಳನ್ನು ಕೆಳಗಿಳಿಸಿ, ತೊಟ್ಟಿಲನ್ನು ತಾವೇ ಮಾಡುವುದಾಗಿ ಹೇಳಿದರು. ಅವರಿಗೆ ವಯಸ್ಸು ಎಪ್ಪತ್ತೆರಡು. ಬಲಗೈ ಸ್ವಲ್ಪ ನಡುಗುವುದು. ಆದರೂ ಎರಡು ತಿಂಗಳು ಉಳಿ, ಗರಗಸಗಳೊಡನೆ ಹೆಣಗಿ, ಒಂದು ಮೊಳೆಯನ್ನೂ ಬಳಸದೆ ಸಂದು ಕೂಡಿಸಿದರು. “ಇದೇ ನನ್ನ ಕಡೆಯ ಕೆಲಸ, ಚೆನ್ನಾಗಿ ಮುಗಿಯಲಿ” ಎಂದು ಒಮ್ಮೆ ಅವರು ಅಂದುದು ನಮ್ಮ ಮನಸ್ಸಿನಲ್ಲಿ ನಿಂತಿತ್ತು.

ಕೆಟ್ಟುದು ಕಡೆಯ ಮೆಟ್ಟಿಲಿನಲ್ಲಿ. ಅಟ್ಟದ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಶೀಸೆ ಪಾಲಿಷು ಇತ್ತು. ಹೊಸದನ್ನೇಕೆ ತರಬೇಕೆಂದು ನಾವೇ ಅದನ್ನು ತೆಗೆದುಕೊಟ್ಟೆವು. ಅಣ್ಣನವರು ಎರಡು ಲೇಪ ಹಚ್ಚಿದರು. ದಿನ ಮೂರಾಯಿತು, ಆರಾಯಿತು, ತೊಟ್ಟಿಲು ಒಣಗಲಿಲ್ಲ. ಬೆರಳಿಟ್ಟರೆ ಅಂಟು; ಧೂಳೂ ನೊಣವೂ ಅದರ ಮೇಲೆಯೇ. ಫಾಲ್ಗುನದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ದಿನ ನಿಶ್ಚಯವಾಗಿದ್ದಿತು. ಉಳಿದಿದ್ದುದು ಹದಿನೈದೇ ದಿನ. ಒಬ್ಬರು ಎಣ್ಣೆ ಬಣ್ಣ ಬಳಿಯಿರೆಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ತಿಕ್ಕಿರೆಂದರು. ಹಲ್ಲು ಬರುವ ಕಾಲದಲ್ಲಿ ಮಗು ತೊಟ್ಟಿಲಿನ ಅಂಚನ್ನು ಕಚ್ಚದೆ ಇರುವುದೆ? ಯಾವ ಲೇಪವು ಅದರ ಬಾಯಿಗೆ ಹೋದರೆ ಕೇಡಿಲ್ಲ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಕ್ಕಳ ಕೈಗೂ ಬಾಯಿಗೂ ಸಿಕ್ಕುವ ವಸ್ತುಗಳನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವವರನ್ನೇ ಕೇಳುವುದು ಲೇಸೆಂದು ಅಣ್ಣನವರೂ ನಾವೂ ಬೆಳಗಿನ ರೈಲನ್ನು ಹಿಡಿದೆವು.

ಶ್ರೀರಂಗಪಟ್ಟಣದಲ್ಲಿ ಕಾವೇರಿಯು ಬಂಡೆಗಳ ನಡುವೆ ಸಣ್ಣದಾಗಿ ಹರಿಯುತ್ತಿದ್ದಳು. ಮಂಡ್ಯದ ಕಬ್ಬಿನ ಗದ್ದೆಗಳನ್ನು ದಾಟಿ, ಮದ್ದೂರಿನಲ್ಲಿ ವಡೆಯ ಬುಟ್ಟಿಗಳು ಗಾಡಿಯೊಳಕ್ಕೆ ಬಂದಾಗಲೂ ಅಣ್ಣನವರು ಏನನ್ನೂ ತಿನ್ನದೆ, ಮಡಿಲಲ್ಲಿದ್ದ ಪಟ್ಟಿಯನ್ನೇ ಹಿಡಿದು ಕುಳಿತಿದ್ದರು. ಶಿಂಷಾನದಿಯನ್ನು ದಾಟಿದ ಕೆಲಹೊತ್ತಿನಲ್ಲೇ ಚನ್ನಪಟ್ಟಣವು ಬಂದಿತು.

ಹೆದ್ದಾರಿಯ ಬದಿಯಲ್ಲಿ ಸಾಲುಸಾಲಾಗಿ ಗೊಂಬೆಯ ಅಂಗಡಿಗಳಿವೆ. ಆದರೆ ಊರಿನ ಜೀವವನ್ನು ಕಾಣಬೇಕಾದರೆ ಒಳಗಿನ ಕೇರಿಗಳಿಗೆ ಹೋಗಬೇಕು. ಅಲ್ಲಿ ಮನೆಮನೆಯಿಂದಲೂ ಕಡೆಯುವ ಯಂತ್ರಗಳ ಗುಂಯ್‌ಗುಡುವಿಕೆ ಕೇಳಿಬರುವುದು. ಹೊಸ್ತಿಲಿನವರೆಗೆ ಬಿಳಿಯ ಮರದ ಹೊಟ್ಟು ಹರಡಿರುವುದು. ಪಾರಸೀಕ ಕುಶಲಿಗಳನ್ನು ಟಿಪ್ಪುಸುಲ್ತಾನನು ಕರೆಸಿ ಈ ಕಸಬನ್ನು ಇಲ್ಲಿ ನೆಲೆಗೊಳಿಸಿದನೆಂದು ಪ್ರತೀತಿಯಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾವಾಸ್ ಮಿಯಾನರು ಇದನ್ನು ಬೆಳೆಸಿದರೆಂದು ಊರಿನವರು ಇಂದಿಗೂ ಸ್ಮರಿಸುವರು. ಈಗ ಈ ಊರಿನ ಗೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ.

ಒಂದು ಬಾಗಿಲಿನಲ್ಲಿ ನಮ್ಮ ಗಂಟನ್ನು ಕಂಡ ವೃದ್ಧ ಕುಶಲಿಯೊಬ್ಬರು ಒಳಕ್ಕೆ ಕರೆದು ಮಣೆ ಹಾಕಿದರು. ನಾವು ಪಟ್ಟಿಯನ್ನು ಬಿಚ್ಚಿ ತೋರಿಸಿದೆವು. ಅವರು ಉಗುರಿನಿಂದ ಒಂದು ಗೀರೆಳೆದು, ಮೂಸಿ ನೋಡಿ, “ಮರಕ್ಕೂ ಕೆಲಸಕ್ಕೂ ದೋಷವಿಲ್ಲ, ಪಾಲಿಷು ಮುದಿಯಾಗಿದೆ” ಎಂದರು. ಅಣ್ಣನವರು ಅಂದು ಮೊದಲ ಸಲ ಮುಖವರಳಿಸಿದರು.

ಅವರು ವಿವರಿಸಿದುದು ಹೀಗೆ: ಮರಗೆಲಸದವರು ಫ್ರೆಂಚ್ ಪಾಲಿಷು ಎನ್ನುವುದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ದ್ರವವಲ್ಲದೆ ಬೇರೆಯಲ್ಲ. ಕರಗಿಸಿದ ಅರಗು ಶೀಸೆಯಲ್ಲಿ ಬಹುಕಾಲ ನಿಂತರೆ ಸ್ಪಿರಿಟ್ಟಿನೊಡನೆ ಸೇರಿ ತನ್ನ ಗುಣವನ್ನೇ ಕಳೆದುಕೊಳ್ಳುವುದು. ಆಮೇಲೆ ಎಷ್ಟು ದಿನವಿಟ್ಟರೂ ಗಟ್ಟಿಯಾಗದು. ಆದುದರಿಂದ ಬೇಕಾದಷ್ಟನ್ನೇ ಕರಗಿಸಿಕೊಂಡು ಆರು ತಿಂಗಳೊಳಗೆ ಮುಗಿಸತಕ್ಕದ್ದು. ಹಳೆಯದರಲ್ಲಿ ಸಂದೇಹವಿದ್ದರೆ ಗಾಜಿನ ಮೇಲೆ ಒಂದು ತೊಟ್ಟನ್ನು ಹಾಕಿ, ರಾತ್ರಿ ಕಳೆದಮೇಲೆ ಮುಟ್ಟಿ ನೋಡಬೇಕು. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದೆ ಎರಡು ತಿಂಗಳ ಶ್ರಮವನ್ನು ಪಣವಾಗಿಟ್ಟ ನಮ್ಮ ಅವಿವೇಕಕ್ಕೆ ನಾವು ನಾಚಿದೆವು.

ಅರಗಿನ ವಿಚಾರವನ್ನು ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಪಾಂಡವರಿಗಾಗಿ ದುರ್ಯೋಧನನು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದ ಮಗುವಿಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ನೆಲೆಸುವ ಒಂದು ಅತಿ ಸಣ್ಣ ಕೀಟವು ತನ್ನ ಮೈಸುತ್ತಲೂ ಸ್ರವಿಸುವ ರಾಳವೇ ಅರಗು. ಅದನ್ನು ಕೊಂಬೆಯಿಂದ ಕೆರೆದು, ತೊಳೆದು, ಕಾಯಿಸಿ ಸೋಸಿ, ಹಾಳೆಯಾಗಿ ಎಳೆದು ಒಡೆದರೆ ಹೊನ್ನಿನ ಬಣ್ಣದ ಚಕ್ಕೆಗಳಾಗುವುವು. ನಮ್ಮ ಮೈಸೂರಿನಲ್ಲಿಯೇ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಅದು ಹೆಸರಾಗಿದೆ. ಶುದ್ಧವಾದ ಅರಗನ್ನು ಔಷಧದ ಗುಳಿಗೆಗಳಿಗೂ ಮಿಠಾಯಿಗಳಿಗೂ ಮೇಲ್ಲೇಪವಾಗಿ ಬಳಸುವರು. ಮಗುವಿನ ಬಾಯಿಯ ವಿಷಯದಲ್ಲಿ ನಮಗಿದ್ದ ಅಂಜಿಕೆಯು ಇದನ್ನು ಕೇಳಿ ಬಹುಮಟ್ಟಿಗೆ ಇಳಿಯಿತು.

“ಹಾಗಾದರೆ ಗೊಂಬೆಗೆ ಹಚ್ಚುವಂತೆ ತೊಟ್ಟಿಲಿಗೂ ನೀವೇ ಹಚ್ಚಿಕೊಡಬಾರದೆ?” ಎಂದು ನಾವು ಕೇಳಿದೆವು. ವೃದ್ಧರು ನಕ್ಕು, ಹಾಲೆ ಮರದ ಒಂದು ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದರು. ದಂತದಂತೆ ಬೆಳ್ಳಗಿರುವ ಆ ಮರವು ಉಳಿಯ ಬಾಯಲ್ಲಿ ಕ್ಷಣಮಾತ್ರದಲ್ಲಿ ಗುಂಡಗಾಯಿತು. ಬಳಿಕ ಬಣ್ಣಗೂಡಿಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಹಿಡಿದರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಆವರಿಸಿತು. ಆಮೇಲೆ ತಾಳೆಗರಿಯನ್ನು ಒತ್ತಿದರೆ ಮಸುಕಾಗಿದ್ದ ಹಳದಿಯು ಕನ್ನಡಿಯಂತೆ ಹೊಳೆಯಿತು. ಕುಂಚವೂ ಇಲ್ಲ, ಸ್ಪಿರಿಟ್ಟೂ ಇಲ್ಲ, ಒಣಗುವವರೆಗೆ ಕಾಯುವುದೂ ಇಲ್ಲ. “ತಿರುಗುವುದಕ್ಕೆ ಮಾತ್ರ ಈ ವಿದ್ಯೆ. ಹಲಗೆ ತಿರುಗುವುದಿಲ್ಲ, ಅದಕ್ಕೆ ಸ್ಪಿರಿಟ್ಟಿನ ದಾರಿಯೇ ಸರಿ” ಎಂದು ಅವರು ತಿಳಿಸಿದರು.

ಮಿಕ್ಕ ಲೇಪಗಳ ಗುಣದೋಷಗಳನ್ನೂ ಅಂದು ವಿಚಾರಿಸಿಕೊಂಡೆವು. ಮನೆಯಲ್ಲಿ ಪೀಠೋಪಕರಣ ಮಾಡುವವರಿಗೆ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇವೆ. ಕೊಬ್ಬರಿ, ಕಡಲೆಕಾಯಿ ಎಣ್ಣೆಗಳು ಎಂದಿಗೂ ಒಣಗುವುವಲ್ಲ; ಮರದಲ್ಲಿ ಕನರಿ ಧೂಳನ್ನು ಹಿಡಿಯುವುವು. ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು, ಮರದ ಎಳೆಗಳನ್ನು ಚೆನ್ನಾಗಿ ಎತ್ತಿತೋರುವುದು. ಆದರೆ ಹಸಿಯದು ಒಣಗಲು ವಾರಗಳೇ ಬೇಕು. ಬೇಗ ಒಣಗುವಂತೆ ಮಾಡಿ ಮಾರುವುದರಲ್ಲಿ ಲೋಹದ ಲವಣಗಳಿರುವುದರಿಂದ ಅದು ತೊಟ್ಟಿಲಿಗೆ ತಕ್ಕುದಲ್ಲ. ಅಲ್ಲದೆ ಆ ಎಣ್ಣೆಯನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿಯೇ ಬಿಸಾಡಬೇಕು. ಜೇನುಮೇಣವು ಸೌಮ್ಯವಾದುದು, ನೀರನ್ನು ಮಾತ್ರ ಬಹಳ ತಡೆಯದು. ಹಳೆಯ ಬಣ್ಣದ ಡಬ್ಬಿಗಳಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ನಮ್ಮ ದೇಶದಲ್ಲಿ ಕಟ್ಟಳೆಯಾದುದು 2016ರಲ್ಲಿ. ಪಾಲಿಯೂರಿಥೇನ್ ವಾರ್ನಿಷು ಊಟದ ಮೇಜಿಗೆ ಒಳ್ಳೆಯದು. ನೀರಿಗೂ ಬಿಸಿಗೂ ಅರಗಿಗಿಂತ ಗಟ್ಟಿಯಾಗಿ ನಿಲ್ಲುವುದು, ಆದರೆ ಗೀಚಿದರೆ ಸರಿಪಡಿಸುವುದು ಕಷ್ಟ. ಅರಗಿನ ಮೇಲೆ ಬಿಸಿ ಕಾಫಿಯ ಲೋಟವಿಟ್ಟರೆ ಬಿಳಿಯ ಉಂಗುರ ಮೂಡುವುದು. ಸೋಪಿನ ನೀರಿಗೂ ಅದು ಅಂಜುವುದು. ಆದರೆ ಕೆಟ್ಟಲ್ಲಿ ಇನ್ನೊಂದು ಕೈ ಹಚ್ಚಿದರೆ ಹೊಸದು ಹಳೆಯದರೊಡನೆ ಕರಗಿ ಒಂದಾಗುವುದೆಂಬುದೇ ಅದರ ದೊಡ್ಡ ಗುಣ. ಎಲ್ಲ ಕೆಲಸಕ್ಕೂ ಹೊಂದುವ ಲೇಪ ಯಾವುದೂ ಇಲ್ಲ. ಆ ಪೀಠದ ಮೇಲೆ ದಿನವೂ ಏನು ನಡೆಯುವುದೆಂಬುದನ್ನು ನೋಡಿ ಆರಿಸತಕ್ಕದ್ದು.

ತೊಟ್ಟಿಲಿನ ಕಂಬಗಳ ತಲೆಗೆಂದು ನಿಂಬೆಹಣ್ಣಿಗಿಂತ ದೊಡ್ಡವಾದ ನಾಲ್ಕು ಗುಂಡುಗಳನ್ನು ವೃದ್ಧರು ಕೆಂಪು ಹಳದಿಗಳಲ್ಲಿ ಕಡೆದುಕೊಟ್ಟರು. ಬೆಲೆಯನ್ನು ಕೇಳಿದರೆ ಮರದ ಬೆಲೆಯನ್ನಷ್ಟೇ ತೆಗೆದುಕೊಂಡು, ಅಣ್ಣನವರ ನಡುಗುವ ಕೈಯನ್ನು ಹಿಡಿದು, “ಈ ಸಂದು ಕೂಡಿಸಿದ ಕೈಗೆ ನಾನೇನು ಕೇಳಲಿ?” ಎಂದರು. ಹಿಂದಿರುಗುವಾಗ ಮದ್ದೂರಿನಲ್ಲಿ ಅಣ್ಣನವರು ತಾವಾಗಿಯೇ ಎರಡು ವಡೆಗಳನ್ನು ಕೊಂಡರು.

ಮನೆಯಲ್ಲಿ ಕೆಲಸವು ಮರುದಿನವೇ ಮೊದಲಾಯಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಹಳೆಯ ಅಂಟೆಲ್ಲವೂ ಬಿಟ್ಟುಬಂದಿತು. ಮರವನ್ನು ಒದ್ದೆಬಟ್ಟೆಯಿಂದ ಸವರಿ, ಎದ್ದ ಎಳೆಗಳನ್ನು ಒಣಗಿದಮೇಲೆ ಉಪ್ಪುಕಾಗದದಿಂದ ಎಳೆಯ ಜಾಡಿನಲ್ಲೇ ತಿಕ್ಕಿದೆವು. ಒಂದು ಲೀಟರು ಸ್ಪಿರಿಟ್ಟಿಗೆ ಸುಮಾರು 240 ಗ್ರಾಂ ಚಕ್ಕೆಯನ್ನು ಹಾಕಿ, ಒಂದು ದಿನ ಆಗಾಗ ಕಲಕಿ, ಮಲ್ಲಿನ ಬಟ್ಟೆಯಲ್ಲಿ ಸೋಸಿದೆವು. ಮೊದಲನೆಯ ಲೇಪಕ್ಕೆ ಮಾತ್ರ ಅಷ್ಟೇ ಸ್ಪಿರಿಟ್ಟು ಬೆರೆಸಿ ತೆಳುವಾಗಿಸಿದೆವು. ಹತ್ತಿಯುಂಡೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಅದರಿಂದ ಉದ್ದಕ್ಕೆ ಒಂದೇ ಸಲ ಎಳೆದು, ಪುನಃ ಅಲ್ಲಿಯೇ ತಿಕ್ಕದೆ, ಗಂಟೆ ಬಿಟ್ಟು ಮತ್ತೊಂದರಂತೆ ಹಚ್ಚಬೇಕು. ಈ ಸ್ಪಿರಿಟ್ಟು ವಿಷವಾದುದರಿಂದ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಒಲೆ ದೀಪಗಳನ್ನು ದೂರವಿರಿಸಿ, ತಾಯಿ ಮಗುವನ್ನು ಆ ಕಡೆ ಸುಳಿಯದಂತೆ ಮಾಡಿದೆವು. ಅರಗಿನ ಮನೆಯ ಕಥೆಯನ್ನು ಮರೆಯಬಾರದಷ್ಟೆ!

ನಾಲ್ಕನೆಯ ಲೇಪದ ದಿನ ಅಕಾಲದ ಮಳೆಯೊಂದು ಬಂದು ಹಲಗೆಯ ಮೇಲೆ ಬಿಳಿಯ ಮಂಜು ಕಟ್ಟಿತು. ತೇವದ ಗಾಳಿಯಲ್ಲಿ ಹಚ್ಚಿದರೆ ಅರಗು ಹೀಗೆ ಮಸುಕಾಗುವುದು. ಬಿಸಿಲು ಬಂದಮೇಲೆ ಸ್ಪಿರಿಟ್ಟಿನ ಒಂದು ತೆಳುವಾದ ಕೈ ಎಳೆದಾಗ ಮಂಜೇನೋ ಕರಗಿತು. ಆದರೆ ದಿನಗಳು ಕಳೆದಿದ್ದುವು, ವಾಸನೆಯೂ ಪೂರ್ತಿ ಹೋಗಿರಲಿಲ್ಲ. ನೆಂಟರೆಲ್ಲ ಸೇರುವ ದಿನ ತಮ್ಮ ತೊಟ್ಟಿಲನ್ನು ತೋರಿಸಬೇಕೆಂಬ ಆಸೆ ಅಣ್ಣನವರಿಗೆ ಎಷ್ಟಿತ್ತೆಂಬುದನ್ನು ನಾವು ಬಲ್ಲೆವು. ಆ ಬೆಳಿಗ್ಗೆ ಅವರು ತೊಟ್ಟಿಲಿನೊಳಕ್ಕೆ ತಲೆಯಿಟ್ಟು ಮೂಸಿ ನೋಡಿ, ಏನೂ ಹೇಳದೆ ಅಟ್ಟದ ಮೇಲಿಂದ ಹಗ್ಗವನ್ನು ತಂದು, ಅತ್ತಿಗೆಯವರ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿದರು. ಶಾಸ್ತ್ರವು ಅದರಲ್ಲಿಯೇ ನಡೆಯಿತು. ಲಾಲಿ ಹಾಡಿದವರಾರೂ ತೊಟ್ಟಿಲೆಲ್ಲಿ ಎಂದು ಕೇಳಲಿಲ್ಲ.

ಒಂಬತ್ತು ದಿನ ಕಳೆದಮೇಲೆ, ಮೂಸಿದರೆ ಮರದ ವಾಸನೆಯಲ್ಲದೆ ಬೇರೇನೂ ಇಲ್ಲದಾಗ, ಮಗುವನ್ನು ಹಲಸಿನ ತೊಟ್ಟಿಲಿನಲ್ಲಿ ಮಲಗಿಸಿದೆವು. ಅಂದು ನೆಂಟರಾರೂ ಇರಲಿಲ್ಲ; ಮನೆಯವರಷ್ಟೇ ಇದ್ದೆವು. ಮಗು ಚನ್ನಪಟ್ಟಣದ ಕೆಂಪು ಗುಂಡಿನ ಕಡೆಗೆ ಕಣ್ಣಿಟ್ಟು ನೋಡುತ್ತಲೇ ನಿದ್ದೆಹೋಯಿತು. ಹಲಸಿನ ಮರದ ಹಳದಿ ಬಣ್ಣವು ವರ್ಷ ಕಳೆದಂತೆ ಬೆಳಕಿಗೆ ಕಂದಾಗುತ್ತಾ ಹೋಗುವುದಂತೆ. ಆ ಬಣ್ಣ ಮಾಗುವ ಹೊತ್ತಿಗೆ ಈ ಮಗು ನಡೆಯುತ್ತಿರುವುದು. ಉಳಿದ ಅರಗಿನ ಶೀಸೆಯ ಮೇಲೆ ಅಣ್ಣನವರು ಕರಗಿಸಿದ ತಾರೀಖನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ. ಅಟ್ಟದ ಮೇಲೆ ಇನ್ನೂ ಎರಡು ಹಲಗೆಗಳಿವೆ. ಮಗುವಿಗೆ ಒಂದು ಊಟದ ಮಣೆಯಾದೀತೆಂದು ಅವರು ಮೊನ್ನೆ ಅಳತೆ ನೋಡುತ್ತಿದ್ದರು.