ಹಿಮದಲ್ಲಿ ನಾವು ಮಾಡುವ ದಾರಿ

ಕೆನಡಾದ ರೆವೆಲ್‌ಸ್ಟೋಕ್‌ಗೆ ಕೆಲಸಕ್ಕೆ ಬಂದ ಮೇಲೆ ನಾನೂ ಸ್ನೋಮೊಬೈಲ್ ಓಡಿಸಲು ಕಲಿತೆ. ಇಲ್ಲಿನ ಬೌಲ್ಡರ್ ಬೆಟ್ಟದಲ್ಲಿ ಹೊಸ ಹಿಮ ಅಕ್ಕಿಹಿಟ್ಟಿನ ಹಾಗೆ ಬಿದ್ದಿರುತ್ತದೆ. ಗಾಡಿಯಿಂದ ಇಳಿದರೆ ಸೊಂಟದವರೆಗೆ ಹೂತುಹೋಗುತ್ತೇವೆ. ಹಿಮ ಕುಸಿಯುವ ಭಯವಿರುವುದರಿಂದ ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಕೋಲು, ಸಿಕ್ಕಿಬಿದ್ದವರ ಸುಳಿವು ಕೊಡುವ ಯಂತ್ರ ಪ್ರತಿಯೊಬ್ಬರ ಬಳಿಯೂ ಇರಲೇಬೇಕು.

ಆದರೆ ಎಲ್ಲಾ ಕಡೆ ಹೋಗುವಂತಿಲ್ಲ. ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಗಾಗಿ 2009ರಿಂದ ಬ್ರಿಟಿಷ್ ಕೊಲಂಬಿಯಾ ಸರಕಾರ ಹಲವು ಬೆಟ್ಟಗಳಲ್ಲಿ ಸ್ನೋಮೊಬೈಲ್ ನಿಷೇಧಿಸಿದೆ. ಅಗಲ ಗೊರಸಿನ ಕ್ಯಾರಿಬೂ ಆಳದ ಹಿಮದ ಮೇಲೆ ನಿಂತು, ಮರಗಳಲ್ಲಿ ಜೋತಾಡುವ ಕಲ್ಲುಹೂವಿನ ಜಾತಿಯ ಪಾಚಿ ತಿಂದು ಚಳಿಗಾಲ ಕಳೆಯುತ್ತದೆ. ಅಷ್ಟು ಮೆತ್ತಗಿನ ಹಿಮದಲ್ಲಿ ತೋಳ ಸುಲಭವಾಗಿ ಬರಲಾರದು. ನಮ್ಮ ಗಾಡಿ ಓಡಿದಲ್ಲಿ ಹಿಮ ಗಟ್ಟಿಯಾಗುತ್ತದೆ, ತೋಳಕ್ಕೆ ಅದೇ ರಸ್ತೆ.

ಗೆಳೆಯರಲ್ಲಿ ಕೆಲವರಿಗೆ ಈ ನಿಷೇಧದ ಮೇಲೆ ಸಿಟ್ಟಿದೆ. ಯಾರೂ ತುಳಿಯದ ಹಿಮದ ಆಸೆ ನನಗೂ ಇದೆ. ಉಪ್ಪಳದಲ್ಲಿರುವ ಉಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅದರ ಮನೆಗೆ ತೋಳಕ್ಕೆ ನೀನ್ಯಾಕೆ ದಾರಿ ಮಾಡಿಕೊಡುವುದು ಮೋನೆ?" ಅಂದರು.

ನಾವು ಸಂಜೆಗೆ ಬೆಟ್ಟ ಇಳಿದು ಬಿಸಿ ಚಾ ಕುಡಿಯುತ್ತೇವೆ. ಕ್ಯಾರಿಬೂ ರಾತ್ರಿಯೂ ಅಲ್ಲೇ ಇರಬೇಕು. ಈಗ ಹೊರಡುವ ಮೊದಲು ಹಿಮಕುಸಿತದ ಮುನ್ಸೂಚನೆಯ ಜೊತೆ ನಿಷೇಧದ ನಕ್ಷೆಯನ್ನೂ ನೋಡುತ್ತೇನೆ.