ಬನ್ನೇರುಘಟ್ಟ ರಸ್ತೆಯ ಕಲ್ಲಿನ ಓಣಿಗಳು

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನೀವೂ ಪ್ರಯಾಣಿಸಿರಬಹುದು. ಭದ್ರಾವತಿ ದಾಟುವಾಗ ಇನ್ನೂ ಮಬ್ಬುಗತ್ತಲು. ಬೀರೂರು, ಕಡೂರು ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಅರಸೀಕೆರೆ, ತಿಪಟೂರಿನ ತೆಂಗಿನ ತೋಟಗಳು ಹಿಂದೆ ಸರಿದು ತುಮಕೂರು ಬಂತೆಂದರೆ ಎಲ್ಲರೂ ಬುತ್ತಿ ಕಟ್ಟಿಟ್ಟು ಚೀಲ ಸರಿಮಾಡಿಕೊಳ್ಳತೊಡಗುತ್ತಾರೆ. 2024ರ ನವೆಂಬರ್ 23ರ ಶನಿವಾರ ನಾನು ಆ ದಾರಿಯಲ್ಲಿದ್ದೆ. ಪಕ್ಕದಲ್ಲಿ ನನ್ನ ಅಕ್ಕನ ಮಗಳು. ಮರುದಿನ ಅವಳಿಗೆ ಕ್ಯಾಟ್ ಪರೀಕ್ಷೆ. ಅದೂ ಎರಡನೆಯ ಸಲ.

ಕ್ಯಾಟ್ ಎಂದರೆ ಐಐಎಂಗಳಲ್ಲಿ, ಅಂದರೆ ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂ.ಬಿ.ಎ. ಓದಲು ಬರೆಯಬೇಕಾದ ಪ್ರವೇಶ ಪರೀಕ್ಷೆ. ಬೇರೆ ಅನೇಕ ಕಾಲೇಜುಗಳೂ ಅದರ ಅಂಕವನ್ನು ಒಪ್ಪುತ್ತವೆ. ವರ್ಷಕ್ಕೆ ಒಂದೇ ಸಲ, ನವೆಂಬರ್‌ನ ಒಂದು ಭಾನುವಾರ ಅದು ನಡೆಯುತ್ತದೆ. ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ. ಆದರೆ ಒಂದು ವರ್ಷದ ಅಂಕ ಮುಂದಿನ ವರ್ಷದ ಪ್ರವೇಶಕ್ಕೆ ನಡೆಯುವುದಿಲ್ಲ. ವಿದೇಶದ ಕಾಲೇಜುಗಳು ಕೇಳುವ ಜಿಮ್ಯಾಟ್ ಪರೀಕ್ಷೆಯ ಅಂಕಕ್ಕೆ ಐದು ವರ್ಷ ಆಯುಷ್ಯವಿದೆ. ಕ್ಯಾಟ್‌ನಲ್ಲಿ ಹಾಗಿಲ್ಲ. ಮತ್ತೆ ಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಒಂದು ವರ್ಷ.

ಆ 'ಮತ್ತೆ ಒಂದು ವರ್ಷ' ಎಂಬ ಮಾತೇ ನಮ್ಮ ಮನೆಯಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಗಿತ್ತು.

2023ರಲ್ಲಿ ಅವಳು ಮೊದಲ ಸಲ ಬರೆದಾಗ 87 ಪರ್ಸೆಂಟೈಲ್ ಬಂದಿತ್ತು. ನನ್ನ ತಾಯಿ, ಅಂದರೆ ಅವಳ ನಾನಿ, ಸಂತೋಷದಿಂದ ಅಕ್ಕಪಕ್ಕದ ಮನೆಗಳಿಗೆ ಸಕ್ಕರೆ ಹಂಚಿಬಿಟ್ಟರು. ಹುಡುಗಿ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. "87 ಬಂದಿದೆಯಲ್ಲ, ಡಿಸ್ಟಿಂಕ್ಷನ್ ಆಯಿತಲ್ಲ, ಈ ಹುಡುಗಿಗೆ ಏನಾಗಿದೆ?" ಎಂದು ಅಮ್ಮ ನನ್ನನ್ನೇ ಕೇಳಿದರು. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬರಬಹುದು, ಆದ್ದರಿಂದ ವಿವರಿಸುತ್ತೇನೆ. ಪರ್ಸೆಂಟೈಲ್ ಎಂದರೆ ಅಂಕವಲ್ಲ, ಸಾಲಿನಲ್ಲಿ ನಿಮ್ಮ ಸ್ಥಾನ. ನೂರು ಮಂದಿ ಬರೆದಿದ್ದರೆ 87 ಮಂದಿ ನಿಮ್ಮ ಹಿಂದಿದ್ದಾರೆ, 13 ಮಂದಿ ಮುಂದಿದ್ದಾರೆ ಎಂದರ್ಥ. ಆ ವರ್ಷ ಸುಮಾರು 2 ಲಕ್ಷ 88 ಸಾವಿರ ಮಂದಿ ಪರೀಕ್ಷೆ ಬರೆದಿದ್ದರು. ಹಾಗಾದರೆ ನಮ್ಮ ಹುಡುಗಿಯ ಮುಂದೆ ಸುಮಾರು 37 ಸಾವಿರ ಮಂದಿ ನಿಂತಿದ್ದರು. ಇದನ್ನು ಕೇಳಿದ ಅಮ್ಮ, "ಅಷ್ಟು ಜನ ನಿಲ್ಲಲು ಜಾಗವಾದರೂ ಎಲ್ಲಿದೆ?" ಎಂದರು.

ಆಗಲೇ ಒಂದು ಒಳ್ಳೆಯ ಸಂಬಂಧದ ಮಾತು ಬಂದಿತ್ತು. ಭಾವ, "ಒಂದು ಸಲ ಬರೆದಾಯಿತು. ಇನ್ನು ಸಿಕ್ಕ ಕಾಲೇಜಿಗೆ ಸೇರಲಿ, ಇಲ್ಲವಾದರೆ ನಿಕಾಹ್ ಮಾಡಿ ಮುಗಿಸೋಣ" ಎಂದರು. ಅಕ್ಕ ಮಾತಾಡಲಿಲ್ಲ. ಹುಡುಗಿ ನನ್ನ ಮನೆಗೆ ಬಂದು, "ಖಾಲಾ, ನೀವಾದರೂ ಒಂದು ಮಾತು ಹೇಳಿ" ಎಂದು ಕೂತಳು.

ನಾನು ಮದ್ರಸದಲ್ಲಿ ಓದಿ, ಮದುವೆಯಾದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದವಳು. ಇಂಗ್ಲಿಷ್ ಪತ್ರಿಕೆಯಲ್ಲಿ ಒಮ್ಮೆ ಫೇಲಾಗಿ ಮರುಪರೀಕ್ಷೆ ಕಟ್ಟಿದ್ದೇನೆ. ಆದ್ದರಿಂದ ಎರಡನೆಯ ಸಲದ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೂ ಅವಳಿಗೆ ನಾನು ತಕ್ಷಣ ಹೂಂ ಅನ್ನಲಿಲ್ಲ. "ಕಳೆದ ಸಲ ಏನು ತಪ್ಪಿತು ಹೇಳು" ಎಂದೆ. "ಓದಿದ್ದು ಸಾಲಲಿಲ್ಲ ಖಾಲಾ, ಇನ್ನೂ ಜಾಸ್ತಿ ಓದುತ್ತೇನೆ" ಎಂದಳು. ಇದು ಉತ್ತರವಲ್ಲ. ನನ್ನ ತರಗತಿಯ ಮಕ್ಕಳೂ ಹೀಗೆಯೇ ಹೇಳುತ್ತಾರೆ.

ಪರೀಕ್ಷೆಯ ನಂತರ ಪ್ರತಿಯೊಬ್ಬರಿಗೂ ಅವರವರ ಉತ್ತರಗಳ ಪ್ರತಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದನ್ನು ಪ್ರಿಂಟ್ ಮಾಡಿಸಿ ಇಬ್ಬರೂ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಕ್ಯಾಟ್‌ನಲ್ಲಿ ಮೂರು ಭಾಗಗಳು: ಇಂಗ್ಲಿಷ್ ಓದು, ಅಂಕಿಅಂಶ ಮತ್ತು ತರ್ಕ, ಗಣಿತ. ಪ್ರತಿ ಭಾಗಕ್ಕೆ 40 ನಿಮಿಷ. ಒಂದರ ಸಮಯ ಉಳಿದರೆ ಇನ್ನೊಂದಕ್ಕೆ ಬಳಸುವಂತಿಲ್ಲ. ಸರಿ ಉತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆ ತಪ್ಪಾದರೆ 1 ಅಂಕ ಕಳೆಯುತ್ತಾರೆ. ಆಯ್ಕೆಗಳಿಲ್ಲದೆ ಉತ್ತರವನ್ನು ನಾವೇ ಬರೆಯಬೇಕಾದ ಪ್ರಶ್ನೆ ತಪ್ಪಾದರೆ ಏನೂ ಕಳೆಯುವುದಿಲ್ಲ. ಗಣಿತದ 22 ಪ್ರಶ್ನೆಗಳಲ್ಲಿ ಅವಳು 17ಕ್ಕೆ ಉತ್ತರಿಸಿದ್ದಳು. ಸರಿಯಾದದ್ದು 7. ತಪ್ಪಾದ 10ರಲ್ಲಿ 8ಕ್ಕೆ ಅಂಕ ಕಳೆದಿತ್ತು. ಅಂದರೆ 21 ಗಳಿಸಿ 8 ಕಳೆದುಕೊಂಡು 13ಕ್ಕೆ ನಿಂತಿದ್ದಳು. ಬಾರದ ಪ್ರಶ್ನೆಗಳನ್ನು ಮುಟ್ಟದೆ ಕೈಕಟ್ಟಿ ಕೂತಿದ್ದರೂ 8 ಅಂಕ ಹೆಚ್ಚು ಸಿಗುತ್ತಿತ್ತು! ಇಂಗ್ಲಿಷ್ ಭಾಗದಲ್ಲಿ ತೊಂದರೆ ಬೇರೆ. ಅಲ್ಲಿ ತಪ್ಪು ಕಡಿಮೆ. ಆದರೆ ನಿಧಾನ ಓದಿನಿಂದ ಕೊನೆಯ ಗದ್ಯಭಾಗವನ್ನು ತೆರೆಯಲೂ ಸಮಯ ಸಿಕ್ಕಿರಲಿಲ್ಲ.

ಸಹೋದರಿಯರೇ, ಮದ್ರಸಗಳಲ್ಲಿ 'ತಕ್ರಾರ್' ಎಂಬ ಪದ್ಧತಿಯಿದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಜೊತೆಯಾಗಿ ಕೂತು ಅದೇ ಪಾಠವನ್ನು ಒಬ್ಬರಿಗೊಬ್ಬರು ಮತ್ತೆ ಹೇಳಿಕೊಳ್ಳುವುದು. ಅರಬಿಯಲ್ಲಿ ಆ ಪದಕ್ಕೆ ಪುನರಾವರ್ತನೆ ಎಂದೇ ಅರ್ಥ. ಅದೇ ಪದ ಕನ್ನಡಕ್ಕೆ ಬಂದು 'ತಕರಾರು' ಆಗಿ, ಆಕ್ಷೇಪ, ಜಗಳ ಎಂಬ ಅರ್ಥ ಪಡೆಯಿತು. ಅಂದು ನಮ್ಮ ಮನೆಯಲ್ಲಿದ್ದದ್ದು ಕನ್ನಡದ ತಕರಾರು. ಹುಡುಗಿಗೆ ಬೇಕಾಗಿದ್ದದ್ದು ಮದ್ರಸದ ತಕ್ರಾರ್.

ಅಂತೂ ಒಂದು ವರ್ಷದ ಅನುಮತಿ ಸಿಕ್ಕಿತು. ಅವಳು ಬೆಳಗ್ಗೆ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಸಂಜೆ ಗಣಿತ. ರಾತ್ರಿ ಊಟವಾದ ಮೇಲೆ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯವನ್ನು ಓದಿ, ಅದರ ಸಾರವನ್ನು ನಾನಿಗೆ ಹೇಳಬೇಕೆಂದು ನಾನು ಗೊತ್ತುಮಾಡಿದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಪ್ರಶ್ನೆ ಕೇಳುವುದು ಚೆನ್ನಾಗಿ ಬರುತ್ತದೆ. "ಬರೆದವನು ಹೌದು ಅಂತಾನೋ ಅಲ್ಲ ಅಂತಾನೋ, ಅದು ಹೇಳು ಮೊದಲು" ಎನ್ನುತ್ತಿದ್ದರು. ಪರೀಕ್ಷೆಯಲ್ಲೂ ಕೇಳುವುದು ಹೆಚ್ಚುಕಡಿಮೆ ಅದನ್ನೇ!

ಹೀಗೆ ವರ್ಷ ಕಳೆದು ನಾವು ರೈಲು ಹತ್ತಿದ್ದು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡ ಗುರಪ್ಪನಪಾಳ್ಯದಲ್ಲಿ ನಮ್ಮ ನೆಂಟರ ಮನೆ. ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬಿಳೇಕಹಳ್ಳಿ, ಅಲ್ಲಿಯೇ ಐಐಎಂ. ನೆಂಟರ ಪರಿಚಯದ ಒಬ್ಬ ಹುಡುಗಿ ಅಲ್ಲಿ ಓದುತ್ತಿದ್ದಳು. ಗೇಟಿನಲ್ಲಿ ನಮ್ಮ ಹೆಸರು ಬರೆಸಿ ಒಳಗೆ ಕರೆದುಕೊಂಡು ಹೋದಳು. ಪರೀಕ್ಷೆಯ ಹಿಂದಿನ ದಿನ ಓದುವುದಕ್ಕಿಂತ ಇದು ಮೇಲು ಎಂದು ನನಗೆ ಅನ್ನಿಸಿತ್ತು.

ಹೊರಗೆ ವಾಹನಗಳ ಹೊಗೆ, ಹಾರ್ನ್. ಒಳಗೆ ಕಾಲಿಟ್ಟರೆ ಮರಗಳ ನೆರಳು. ನಾನು ಗಾಜಿನ ಕಟ್ಟಡಗಳನ್ನು ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಒರಟು ಬೂದುಗಲ್ಲಿನ ಗೋಡೆಗಳು, ಉದ್ದುದ್ದ ಓಣಿಗಳು. ಕೆಲವು ಕಡೆ ಮೇಲೆ ಛಾವಣಿ, ಕೆಲವು ಕಡೆ ಬರೀ ತೊಲೆಗಳು. ಅವುಗಳ ನಡುವಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕೆ ಬೀಳುತ್ತದೆ. ಕಂಬಗಳಿಗೆ ಬಳ್ಳಿ ಹಬ್ಬಿದೆ. ಅಲ್ಲಲ್ಲಿ ತೆರೆದ ಅಂಗಳ, ಕೂರಲು ಮೆಟ್ಟಿಲು. 'ತ್ರೀ ಈಡಿಯಟ್ಸ್' ಚಿತ್ರದ ಕಾಲೇಜು ಇದೇ ಎಂದು ಹುಡುಗಿ ಪಿಸುಗುಟ್ಟಿದಳು.

ಈ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಇಲ್ಲಿಯ ಕಟ್ಟಡಗಳನ್ನು ರೂಪಿಸಿದವರು ಬಾಲಕೃಷ್ಣ ದೋಶಿ. 2018ರಲ್ಲಿ ವಾಸ್ತುಶಿಲ್ಪದ ಅತಿದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. 2023ರಲ್ಲಿ ತೀರಿಕೊಂಡರು. ಇಲ್ಲಿಯ ಓಣಿ, ಅಂಗಳಗಳಿಗೆ ಅವರಿಗೆ ಪ್ರೇರಣೆಯಾದದ್ದು ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿ. ನಾನು ಹಿಂದೊಮ್ಮೆ ಆಗ್ರಾಕ್ಕೆ ಹೋದಾಗ ಸಿಕ್ರಿಯ ಕೆಂಪು ಕಲ್ಲಿನ ಅಂಗಳಗಳಲ್ಲಿ ನಡೆದಿದ್ದೆ. ಒಂದು ಅಂಗಳ ಮುಗಿಯಿತು ಅನ್ನುವಾಗ ಇನ್ನೊಂದು ತೆರೆದುಕೊಳ್ಳುತ್ತದೆ. ಇಲ್ಲಿಯೂ ಹಾಗೆಯೇ, ಕಲ್ಲಿನ ಬಣ್ಣ ಮಾತ್ರ ಬೇರೆ. ಕಲಿಕೆ ತರಗತಿಯ ಒಳಗೆ ಮಾತ್ರ ನಡೆಯುವುದಲ್ಲ, ದಾರಿಯಲ್ಲಿ ಎದುರಾದವರು ನಿಂತು ಮಾತಾಡುವಾಗಲೂ ನಡೆಯುತ್ತದೆ ಎಂಬುದು ದೋಶಿಯವರ ನಂಬಿಕೆ. ಅದಕ್ಕೇ ಓಣಿಗಳು ಅಷ್ಟು ಅಗಲ.

ಒಂದು ಮೆಟ್ಟಿಲ ಮೇಲೆ ಕೂತಾಗ ಆ ವಿದ್ಯಾರ್ಥಿನಿ, "ನಾನೂ ಎರಡು ಸಲ ಬರೆದೆ ಆಂಟಿ" ಎಂದಳು. ನಮ್ಮ ಹುಡುಗಿಯ ಮುಖ ಅರಳಿತು. ಆದರೆ ಅವಳು ಮುಂದುವರಿಸಿದಳು: "ಕ್ಯಾಟ್ ಅಂಕ ಹೆಚ್ಚಿಸಿಕೊಳ್ಳಬಹುದು. ಆದರೆ ಇಲ್ಲಿ ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಲೆಕ್ಕ ಹಾಕುತ್ತಾರೆ. ಆಮೇಲೆ ಸಂದರ್ಶನ. ಹಳೆಯ ಅಂಕಗಳನ್ನು ಬದಲಾಯಿಸಲು ಆಗುವುದಿಲ್ಲ." ನಮ್ಮ ಹುಡುಗಿಗೆ ಪಿಯುಸಿಯಲ್ಲಿ ಅಂಕ ಕಡಿಮೆ. ಅವಳು ಸುಮ್ಮನಾದಳು. ನನಗೂ ಎದೆಯಲ್ಲಿ ಚುಳ್ ಎಂದಿತು. ನಾಳೆ ಪರೀಕ್ಷೆ ಇಟ್ಟುಕೊಂಡು ಇಲ್ಲಿಗೆ ಕರೆತಂದು ತಪ್ಪು ಮಾಡಿದೆನೇ?

ಹಿಂದಿರುಗುವಾಗ ಅವಳೇ ಹೇಳಿದಳು: "ಖಾಲಾ, ಈ ಕಾಲೇಜು ನನಗೆ ಸಿಗಲಿಕ್ಕಿಲ್ಲ. ಆದರೆ ಇಂಥ ಕಡೆ ಕೂತು ಓದಬೇಕು ಅನ್ನಿಸುತ್ತಿದೆ. ಹೋದ ವರ್ಷ ಫೇಲ್ ಆಗಬಾರದು ಅಂತ ಬರೆದೆ. ನಾಳೆ ಹಾಗಲ್ಲ."

ಭಾನುವಾರ ಅವಳದು ಮಧ್ಯಾಹ್ನದ ಸರದಿ, 12.30ರಿಂದ 2.30. ಕೇಂದ್ರ ನಗರದ ಹೊರವಲಯದ ಒಂದು ಕಾಲೇಜು. ಗೇಟಿನ ಬಳಿ ಕಿವಿಯೋಲೆ, ಬಳೆ, ವಾಚು ಎಲ್ಲ ಬಿಚ್ಚಿ ನನ್ನ ಕೈಗಿಟ್ಟಳು. ಪ್ರವೇಶಪತ್ರ, ಗುರುತಿನ ಚೀಟಿ ಹಿಡಿದು ಒಳಗೆ ಹೋದಳು. ಹೊರಗೆ ಮರದ ಕೆಳಗೆ ನನ್ನಂತೆ ಕಾಯುವವರು ಬಹಳ. ಹಿಂದಿನ ವರ್ಷ ಅವಳ ಜೊತೆ ಬರಲು ಯಾರಿಗೂ ಬಿಡುವಿರಲಿಲ್ಲ. ಅಣ್ಣನ ಗೆಳೆಯನೊಬ್ಬ ಕೇಂದ್ರದ ತನಕ ಬಿಟ್ಟು ಹೋಗಿದ್ದ. ಆ ಮರದ ಕೆಳಗೆ ಅವಳ ಓಲೆಗಳನ್ನು ಹಿಡಿದು ಕೂತಾಗ ಮೊದಲ ಸಲದ 87ರಲ್ಲಿ ನಮ್ಮ ಪಾಲೂ ಇತ್ತು ಎಂದು ನನಗೆ ತಿಳಿಯಿತು. ಮದುವೆಯಾದರೆ ಹತ್ತು ಜನ ಜೊತೆಗೆ ಹೊರಡುತ್ತೇವೆ. ಪರೀಕ್ಷೆಗೆ ಒಂಟಿಯಾಗಿ ಕಳಿಸುತ್ತೇವೆ.

ಹೊರಬಂದವಳು ಮೊದಲು ಹೇಳಿದ ಮಾತು: "ಗಣಿತದಲ್ಲಿ 11 ಮಾತ್ರ ಮಾಡಿದೆ ಖಾಲಾ. ಉಳಿದದ್ದನ್ನು ಮುಟ್ಟಲೇ ಇಲ್ಲ." ಅದನ್ನು ಹೆಮ್ಮೆಯಿಂದಲೇ ಹೇಳಿದಳು.

ಡಿಸೆಂಬರ್‌ನಲ್ಲಿ ಫಲಿತಾಂಶ ಬಂತು: 94. ಈ ಸಲ ಬರೆದವರು ಸುಮಾರು 2 ಲಕ್ಷ 93 ಸಾವಿರ. ಅವಳ ಮುಂದಿದ್ದವರು 37 ಸಾವಿರದಿಂದ ಹದಿನೇಳೂವರೆ ಸಾವಿರಕ್ಕೆ ಇಳಿದಿದ್ದರು. ಬನ್ನೇರುಘಟ್ಟ ರಸ್ತೆಯಿಂದ ಕರೆ ಬರಲಿಲ್ಲ. ಅವಳಿಗೆ ಸೀಟು ಸಿಕ್ಕಿದ್ದು ಬೇರೊಂದು ರಾಜ್ಯದ, ಒಳ್ಳೆಯ ಹೆಸರಿರುವ ಕಾಲೇಜಿನಲ್ಲಿ, ಶುಲ್ಕದಲ್ಲಿ ರಿಯಾಯಿತಿಯೂ ದೊರೆಯಿತು. 2025ರ ಬೇಸಿಗೆ ಕಳೆದ ಮೇಲೆ ಸೇರಿದಳು. ಮೂರನೆಯ ಸಲ ಬರೆಯುವ ಮಾತನ್ನು ಅವಳೇ ಎತ್ತಲಿಲ್ಲ. ನಾನು ಕೇಳಿದ್ದಕ್ಕೆ, "ಇನ್ನು ಬದಲಾಯಿಸಬೇಕಾದದ್ದು ನನ್ನ ಪಿಯುಸಿ ಅಂಕ. ಅದಕ್ಕೆ ಕ್ಯಾಟ್ ಬರೆದು ಏನು ಪ್ರಯೋಜನ?" ಎಂದಳು.

ನಿಮ್ಮ ಮಗಳೋ ಸೊಸೆಯೋ ಮತ್ತೊಮ್ಮೆ ಪರೀಕ್ಷೆ ಬರೆಯುತ್ತೇನೆ ಎಂದರೆ ತಕರಾರು ತೆಗೆಯುವ ಮುನ್ನ ಕೂತು ಕೇಳಿ. ಕಳೆದ ಸಲ ಅಂಕ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿದೆಯೇ? ಈ ಸಲ ಬೇರೆಯಾಗಿ ಏನು ಮಾಡುತ್ತಾಳೆ? ಉತ್ತರವಿದ್ದರೆ ವರ್ಷವನ್ನು ಮನಸಾರೆ ಕೊಡಿ, ಸಾಲ ಕೊಟ್ಟಂತೆ ದಿನವೂ ನೆನಪಿಸಬೇಡಿ. ಉತ್ತರವಿಲ್ಲದಿದ್ದರೆ ಅದೇ ಅಂಕ ಮತ್ತೆ ಬರುವ ಸಂಭವವೇ ಹೆಚ್ಚು. ಶುಲ್ಕದ ಲೆಕ್ಕವನ್ನೂ ಮೊದಲೇ ಮಾಡಿ. ದೊಡ್ಡ ಐಐಎಂಗಳಲ್ಲಿ ಎರಡು ವರ್ಷಕ್ಕೆ 20 ಲಕ್ಷಕ್ಕೂ ಮೇಲಾಗುತ್ತದೆ. ಬಡ್ಡಿ ಸಾಲಕ್ಕೆ ಮನಸ್ಸೊಪ್ಪದ ಮನೆಗಳು ಕುಟುಂಬದ ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನಗಳನ್ನು ಮುಂಚೆಯೇ ವಿಚಾರಿಸಬೇಕು. ಒಬಿಸಿ ಮೀಸಲಾತಿ ಕೇಳುವವರು ನೆನಪಿಡಿ: ರಾಜ್ಯದ ಪಟ್ಟಿಯಲ್ಲಿದ್ದರೆ ಸಾಲದು, ಕೇಂದ್ರದ ಪಟ್ಟಿಯ ಪ್ರಕಾರ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಬೇಕು.

ಈಗ ಅವಳು ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಕಾಯುತ್ತಾರೆ. ಹೈಸ್ಕೂಲು ಓದುವ ಅವಳ ತಂಗಿ ಪೇಪರ್ ಹಿಡಿದು ಬರುತ್ತಾಳೆ. "ಹೌದು ಅಂತಾನೋ ಅಲ್ಲ ಅಂತಾನೋ, ಅದು ಹೇಳು ಮೊದಲು" ಎಂದು ಶುರುವಾಗುತ್ತದೆ.